ಏಳಾಂ ನಂಬರ್ ಲಾರಿ ಕೇಳುವವರು ಓದಬೇಕಾದ ಪುಸ್ತಕಗಳು

ಓದುಮನೆಯ ಬೀಗದ ಕೈಯನ್ನು ತಮಿಳರಸಿ ತಾಳಿಸರಕ್ಕೇ ಸೇಫ್ಟಿ ಪಿನ್ನು ಹಾಕಿ ಸಿಕ್ಕಿಸಿಕೊಂಡಿದ್ದಳು. ಸೊಂಟಕ್ಕೆ ಸಿಕ್ಕಿಸಿದರೆ ಹತ್ತು ತಿಂಗಳ ಯಾಳಿನಿ ಎಳೆದು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಗೋಡೆಯ ಮೊಳೆಗೆ ಹಾಕಿದರೆ ಅತ್ತೆ ಪೊನ್ನಮ್ಮಾಳ್ ಯಾರು ಬಂದು ಕೇಳಿದರೂ ಕೊಟ್ಟು ಕಳಿಸಿಬಿಡುತ್ತಿದ್ದಳು. ಹಾಗೆ ಕೊಟ್ಟಾಗೆಲ್ಲ ಓದುಮನೆಯೊಳಗೆ ಯಾರದೋ ಮದುವೆಯ ಹಂಡೆ, ಜಮಖಾನ, ಒಮ್ಮೆಯಂತೂ ಎರಡು ಮೂಟೆ ಈರುಳ್ಳಿ ಬಂದು ಕೂತಿದ್ದವು. ತಾಳಿಯ ಜತೆ ಬೀಗದ ಕೈ ಯಾರಾದರೂ ಹಾಕುತ್ತಾರಾ ಎಂದು ಬೀದಿಯ ಹೆಂಗಸರು ನಕ್ಕರು. ಎರಡೂ ಕಳೆದುಹೋಗಬಾರದ ಸಾಮಾನು ತಾನೇ ಎಂದು ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ನಡೆದಳು.

ಕಾಮಯಗೌಂಡನ್‌ಪಟ್ಟಿಯ ಆ ಬೀದಿಯವರೆಲ್ಲ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಯಾವ ಕಾಲದಲ್ಲೋ ಬಂದು ಕಂಬಂ ಕಣಿವೆಯ ಮಣ್ಣಿಗೆ ಅಂಟಿಕೊಂಡವರು. ಅವರ ಕನ್ನಡಕ್ಕೆ ಬಾಯಿ ಉಂಟು, ಅಕ್ಷರ ಇಲ್ಲ. ಓದುವುದು ಬರೆಯುವುದೆಲ್ಲ ತಮಿಳಿನಲ್ಲೇ. ಕುಲದ ಸಂಘ ಆರು ವರ್ಷದ ಹಿಂದೆ ತನ್ನ ಮಂಟಪದ ಪಕ್ಕಕ್ಕೆ ಒಂದು ಕೋಣೆ ಕಟ್ಟಿಸಿ ಅದನ್ನು ಓದುಮನೆ ಎಂದು ಕರೆಯಿತು. ಬಿ.ಎ. ಓದಿದ ಸೊಸೆ ಬೀದಿಯಲ್ಲಿ ಒಬ್ಬಳೇ ಇದ್ದಳು, ಅವಳ ಕೈಗೆ ಕೀಲಿ ಕೊಟ್ಟರು. ಅಷ್ಟೇ ತಮಿಳರಸಿಯ ನೇಮಕದ ಕತೆ. ಬೆಳಗ್ಗೆ ಹತ್ತರಿಂದ ಒಂದು, ಸಾಯಂಕಾಲ ನಾಲ್ಕರಿಂದ ಆರು. ಬರುವವರು ಎಂದರೆ ಪೇಪರ್ ಓದುವ ಮೂವರು ಮುದುಕರು, ಸರ್ಕಾರಿ ಪರೀಕ್ಷೆಗೆ ಗೈಡು ಹುಡುಕುವ ಇಬ್ಬರು ಗಂಡುಮಕ್ಕಳು, ಫ್ಯಾನಿನ ಕೆಳಗೆ ಮಲಗಲು ಒಂದು ಬೆಕ್ಕು.

ಅಭಿರಾಮಿ ಬಂದದ್ದು ಮೊಬೈಲ್ ಚಾರ್ಜ್ ಮಾಡಿಕೊಳ್ಳಲು. ಊರಾಚೆಯ ಕಾಲನಿಯ ಹುಡುಗಿ, ಹದಿನೇಳು ವರ್ಷ. ಪ್ಲಸ್ ಟೂ ಮುಗಿಸಿ ದ್ರಾಕ್ಷಿ ತೋಟದಲ್ಲಿ ಗೊಂಚಲು ತಿದ್ದುವ ಕೆಲಸಕ್ಕೆ ಹೋಗುತ್ತಿದ್ದಳು. ಚಪ್ಪರದ ಕೆಳಗೆ ಕತ್ತು ಮೇಲೆತ್ತಿ, ಸಣ್ಣ ಕತ್ತರಿಯಲ್ಲಿ ಜಳ್ಳು ಕಾಯಿ ತೆಗೆಯುವ ಕೆಲಸ. ಅವತ್ತು ತೋಟದಲ್ಲಿ ಕರೆಂಟು ಇರಲಿಲ್ಲ. ಅವಳು ಹೊಸ್ತಿಲಾಚೆ ನಿಂತು, ಚಾರ್ಜರಿನ ವೈರನ್ನು ಉದ್ದಕ್ಕೆ ಚಾಚಿ, ಅಕ್ಕಾ ಇದನ್ನೊಂದು ಸಿಕ್ಕಿಸಿ ಎಂದಳು. ತಮಿಳರಸಿಯ ತೊಡೆಯ ಮೇಲೆ ಆಗಷ್ಟೇ ನಿದ್ದೆಗೆ ಜಾರಿದ್ದ ಕೂಸಿತ್ತು. ಪ್ಲಗ್ಗು ಒಳಗೈತೆ, ನೀನೇ ಬಂದು ಹಾಕಿಕೋ ಎಂದಳು. ಅದರಲ್ಲಿ ಕ್ರಾಂತಿ ಗೀಂತಿ ಏನೂ ಇರಲಿಲ್ಲ. ಮಲಗಿದ ಮಗುವನ್ನು ಯಾವ ತಾಯಿ ಎಬ್ಬಿಸುತ್ತಾಳೆ. ಹುಡುಗಿ ಎರಡು ಸಲ ಬೀದಿಯ ಆಚೆ ಈಚೆ ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದಳು.

ಅವಳ ಟೀ ಶರ್ಟಿನ ಮೇಲೆ ಮೂತಿ ಜಜ್ಜಿಹೋದ ಒಂದು ಲಾರಿಯ ಚಿತ್ರ ಇತ್ತು. ಅದೇನೆಂದು ಕೇಳಿದ್ದೇ ತಪ್ಪಾಯಿತು. ಮುಕ್ಕಾಲು ಗಂಟೆ ಹೇಳಿದಳು. ಏಳಾಂ ನಂಬರ್ ಲಾರಿ ಅಂದರೆ ಲಾರಿಯಲ್ಲ, ಬ್ಯಾಂಡು. ಐದು ಜನ. ಎರಡು ಗಿಟಾರು, ಒಂದು ಡ್ರಮ್ ಸೆಟ್ಟು, ಒಂದು ಪರೈ, ನಡುವೆ ಗಂಟಲು ಹರಿಯುವಂತೆ ಹಾಡುವ ಒಬ್ಬ ಹೆಂಗಸು. ಹೊಸೂರಿಂದ ನಾಗರಕೋವಿಲಿನವರೆಗೆ ಅವರ ರಾಕ್ ಹಾಡು ಗೊತ್ತಿಲ್ಲದ ಕಾಲೇಜಿಲ್ಲ. ಇಲ್ಲಿನ ತೋಟಗಳಲ್ಲೂ ಹುಡುಗಿಯರು ಮೊಬೈಲನ್ನು ಚಪ್ಪರದ ತಂತಿಗೆ ನೇತುಹಾಕಿ ಅದನ್ನೇ ಕೇಳುತ್ತ ಗೊಂಚಲು ತಿದ್ದುತ್ತಾರೆ. ಪರೈ ಎಂಬ ಆ ತಮಟೆಯನ್ನು ಊರವರ ಸಾವಿಗೆ ಬಡಿಯುತ್ತ ಬಂದವರು ಅಭಿರಾಮಿಯ ತಾತ, ಮುತ್ತಾತ. ಅದೀಗ ಗಿಟಾರಿನ ಪಕ್ಕ ನಿಂತು ಸ್ಟೇಜು ನಡುಗಿಸುತ್ತದೆ ಎನ್ನುವಾಗ ಅವಳ ಬೆರಳು ತಾನಾಗಿ ಮೇಜನ್ನು ಬಡಿಯುತ್ತಿತ್ತು. ಕೊನೆಗೆ, ಎಲ್ಲ ಹಾಡೂ ಬಾಯಿಪಾಠ ಆಗಿಹೋಯಿತು, ಇನ್ನೇನು ಮಾಡಲಿ, ಇದರಂಥ ಪುಸ್ತಕ ಏನಾದರೂ ಇದೆಯಾ ಎಂದು ಕೇಳಿದಳು.

ಕೇಳಿದವರಿಗೆ ಇಲ್ಲ ಎನ್ನುವುದು ತಮಿಳರಸಿಗೆ ಆಗದ ಕೆಲಸ. ಗಂಡ ಪ್ರೇಮ್‌ಕುಮಾರ್ ವಾರಕ್ಕೆ ಮೂರು ದಿನ ಮಿನಿ ಲಾರಿಯಲ್ಲಿ ತರಕಾರಿ ಹೇರಿಕೊಂಡು ಒಡ್ಡನ್‌ಛತ್ರಂ ಮಾರ್ಕೆಟ್ಟಿಗೆ ಹೋಗುವವನು. ಬರುವಾಗ ಗಾಡಿ ಖಾಲಿ. ದಿಂಡುಕ್ಕಲ್ಲಿನ ರದ್ದಿ ಅಂಗಡಿಯಿಂದ ಹಳೇ ಪುಸ್ತಕ ತೂಕಕ್ಕೆ ತಂದು ಹಾಕುತ್ತಿದ್ದ. ಆ ರಾಶಿಯಲ್ಲಿ ವಿದೇಶದ ಒಂದು ರಾಕ್ ಬ್ಯಾಂಡಿನ ಚರಿತ್ರೆ ಸಿಕ್ಕಿತು. ಒಳ್ಳೆಯ ಕಾಗದ, ನಡುವೆ ಉದ್ದ ಕೂದಲಿನವರ ಫೋಟೋಗಳು. ಹೆಮ್ಮೆಯಿಂದ ಕೊಟ್ಟಳು. ಅಭಿರಾಮಿ ಮರುದಿನವೇ ತಂದಿಟ್ಟಳು. ಅವರು ಯಾವ ಹೋಟೆಲಿನಲ್ಲಿ ಕುಡಿದರು, ಯಾವ ಕಾರು ಕೊಂಡರು ಅಂತೆಲ್ಲ ಇದೆ ಅಕ್ಕಾ ಎಂದು ಸಂಕೋಚದಿಂದಲೇ ಹೇಳಿದಳು.

"ಹಾಡಿನ ಬಗ್ಗೆ ಇರೋ ಪುಸ್ತಕ ಬೇಡ. ಹಾಡಿನ ಥರ ಇರೋ ಪುಸ್ತಕ ಬೇಕು."

ಇದು ತಮಿಳರಸಿಯ ತಲೆಯೊಳಗೆ ಹೊಕ್ಕು ಕೂತಿತು. ಮರುದಿನದಿಂದ ಕೂಸಿನ ಲಂಗೋಟಿ ಒಗೆಯುವಾಗ ಒಂದು ಕಿವಿಗೆ ಇಯರ್‌ಫೋನು. ಇನ್ನೊಂದು ಕಿವಿ ಕೂಸಿಗೆ. ಗೊಬ್ಬರದಂಗಡಿಯವರು ಹಂಚಿದ ಹಳೇ ಡೈರಿಯಲ್ಲಿ ಹಾಡಿಗೊಂದು ಪುಟ ಮಾಡಿದಳು. ರಾಗ ತಾಳ ಅವಳಿಗೆ ತಿಳಿಯದು. ಅದಕ್ಕೆ ತನಗೆ ತಿಳಿಯುವ ಒಂದೇ ಪ್ರಶ್ನೆ ಹಾಕಿಕೊಂಡಳು: ಈ ಹಾಡಿನಲ್ಲಿ ಯಾರಿಗೆ ಯಾರ ಮೇಲೆ ಕೋಪ? ಚಹಾ ತೋಟದಲ್ಲಿ ಬೆರಳು ಸವೆಸಿದ ತಾಯಿಗೆ, ಚಹಾದ ಪ್ಯಾಕೆಟ್ಟಿನ ಮೇಲೆ ನಗುವ ಹೆಂಗಸಿನ ಚಿತ್ರದ ಮೇಲೆ ಕೋಪ. ಅಣೆಕಟ್ಟಿನ ಬಾಗಿಲು ಎತ್ತುವವನಿಗೆ, ನೀರು ಎಲ್ಲಿಗೆ ಹೋಗಬೇಕೆಂದು ಫೋನಿನಲ್ಲಿ ಹೇಳುವವನ ಮೇಲೆ. ಮದುವೆಯಾದ ಹುಡುಗಿಗೆ, ಅತ್ತೆಯ ಮೇಲಲ್ಲ, ತಾನು ನಗುತ್ತ ನಿಂತ ಮದುವೆ ಫೋಟೋದ ಮೇಲೆ. ಕೋಪ ಗೊತ್ತಾದರೆ ಆಯಿತು, ಅದೇ ಕೋಪದ ಪುಸ್ತಕ ಹುಡುಕುವುದು. ಹೀಗೆ ಹುಡುಕುತ್ತ ತಾನೂ ಓದಿದಳು. ಹಾಲೂಡಿಸುವ ಹೊತ್ತು ಅವಳಿಗೆ ಓದುವ ಹೊತ್ತಾಯಿತು. ಒಂದು ಕೈಯಲ್ಲಿ ಕೂಸಿನ ತಲೆ, ಇನ್ನೊಂದರಲ್ಲಿ ಪುಸ್ತಕ. ಪುಟ ಮಗುಚಬೇಕಾದಾಗ ಗಲ್ಲ ಬಳಸುತ್ತಿದ್ದಳು.

ಎರಡು ತಿಂಗಳಿಗೆ ಚಾರ್ಟ್ ಪೇಪರಿನಲ್ಲಿ ಪಟ್ಟಿ ಬಾಗಿಲ ಪಕ್ಕ ಏರಿತು. ಹೆಸರು ನೆನಪಿಡುವ ಗೋಜು ಬೇಡವೆಂದು ಎಲ್ಲ ಪುಸ್ತಕಕ್ಕೂ ಕ್ಯಾಲೆಂಡರಿನ ಬಣ್ಣದ ಹಾಳೆಯ ರಟ್ಟು ಹಾಕಿದ್ದಳು. ಚಹಾ ಹಾಡಿನವರಿಗೆ ಹಸಿರು ರಟ್ಟು, ಎರಡನೇ ಶೆಲ್ಫು. ಬೇಜಾರಾದರೆ ಮೊದಲ ಮೂವತ್ತು ಪುಟ ಬಿಟ್ಟು ಶುರು ಮಾಡಿ. ಅಣೆಕಟ್ಟು ಹಾಡಿನವರಿಗೆ ಮಣ್ಣು ಬಣ್ಣದ್ದು, ದಪ್ಪ ನೋಡಿ ಹೆದರಬೇಡಿ. ಮದುವೆ ಫೋಟೋ ಹಾಡಿಗೆ ಹಳದಿ. ಇದನ್ನು ಮನೆಗೆ ಒಯ್ಯುವಾಗ ಗಣಿತದ ಪುಸ್ತಕದೊಳಗಿಟ್ಟು ಒಯ್ಯಿರಿ. ಪರೈ ಒಂದೇ ಬಡಿಯುವ, ಮಾತೇ ಇಲ್ಲದ ಆ ಏಳು ನಿಮಿಷದ ಹಾಡು ಇಷ್ಟವಾದವರಿಗೆ ನೀಲಿ. ಮೇಲೆ ದಪ್ಪಕ್ಷರದಲ್ಲಿ ತಲೆಬರಹ: ಏಳಾಂ ನಂಬರ್ ಲಾರಿ ಕೇಳುವವರು ಓದಬೇಕಾದ ಪುಸ್ತಕಗಳು.

ಅಭಿರಾಮಿ ಅದರ ಫೋಟೋ ತೆಗೆದು ಬ್ಯಾಂಡಿನ ಅಭಿಮಾನಿಗಳ ವಾಟ್ಸಾಪ್ ಗುಂಪಿಗೆ ಹಾಕಿದಳು. ವಾರದೊಳಗೆ ಓದುಮನೆಯಲ್ಲಿ ಚಾಪೆ ಸಾಲದಾಯಿತು. ತೋಟದ ಕೆಲಸ ಮುಗಿಸಿ, ಕೈಗಂಟಿದ ಔಷಧಿಯ ವಾಸನೆ ತೊಳೆದು ಬರುತ್ತಿದ್ದರು, ಬೀದಿಯವರೂ ಕಾಲನಿಯವರೂ. ಜಾಗ ಕಮ್ಮಿ, ಭುಜಕ್ಕೆ ಭುಜ ತಾಗಿಸಿ ಕೂತು ಓದುತ್ತಿದ್ದರು. ಕೂಸು ಮಡಿಲಿಂದ ಮಡಿಲಿಗೆ ದಾಟುತ್ತಿತ್ತು. ಪೇಪರ್ ಓದುವ ಮುದುಕರು ಮೊದಲು ಗೊಣಗಿದರು, ಆಮೇಲೆ ಬರುವುದು ಬಿಟ್ಟರು. ಬಿಟ್ಟವರು ಸುಮ್ಮನಿರಲಿಲ್ಲ.

ಸಂಘದ ತಲೈವರು, ಅಂದರೆ ಅಧ್ಯಕ್ಷರು, ತಂಗವೇಲ್, ಪ್ರೇಮ್‌ಕುಮಾರನ ಚಿಕ್ಕಪ್ಪ. ದ್ರಾಕ್ಷಿ ವ್ಯಾಪಾರಿ, ಬಿಳಿ ಪಂಚೆಯವರು. ಕೆಟ್ಟವರೇನಲ್ಲ, ತಮಿಳರಸಿಗೆ ಹೆರಿಗೆ ನೋವು ಬಂದಾಗ ಮಳೆಯಲ್ಲಿ ತಮ್ಮ ಕಾರು ತಾವೇ ಓಡಿಸಿಕೊಂಡು ತೇನಿಯ ಆಸ್ಪತ್ರೆಗೆ ಸೇರಿಸಿದವರು ಅವರೇ. ಅದನ್ನು ಅವಳು ಮರೆತಿರಲಿಲ್ಲ. ಒಂದು ಸಾಯಂಕಾಲ ಬಂದು ಬಾಗಿಲಲ್ಲಿ ನಿಂತು ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದಿದರು. ಪರೈ ಬಡಿಯೋರ ಹಾಡಿಗೆ ನಮ್ಮ ಕಟ್ಟಡದಲ್ಲಿ ಪಟ್ಟಿಯಾ ಎಂದರು. ಅದು ಹೋಗಲಿ, ಒಳಗೆ ಯಾರು ಯಾರು ಕೂತಿದ್ದಾರೆ ನೋಡಿದೀಯಾ ಎಂದರು.

ಬಾಗಿಲ ಮೇಲಿನ ಕಲ್ಲಿನಲ್ಲಿ ಪೊದು, ಅಂದರೆ ಎಲ್ಲರಿಗೂ ಸೇರಿದ್ದು, ಅಂತ ಕೆತ್ತಿದೆಯಲ್ಲಾ ಚಿಕ್ಕ ಮಾಮಾ ಎಂದಳು ತಮಿಳರಸಿ.

"ಕೆತ್ತಿಸಿದ್ದು ನಾನೇ ಕಣಮ್ಮಾ. ಹಂಗೆ ಹಾಕಿದ್ರೆ ಪೇಪರ್ ಪುಕ್ಕಟೆ ಬರ್ತದೆ ಅಂದ್ರು, ಹಾಕಿಸಿದೆ."

"ಹಾಕಿಸಿ ಆರು ವರ್ಷ ಆಯ್ತಲ್ಲ ಮಾಮಾ. ಜನ ಈಗ ಓದಿಕೊಂಡ್ರು."

ಅವರು ನಗಲಿಲ್ಲ. ಭಾನುವಾರ ಕಂಬಳಿ ಹಾಸ್ತೀವಿ ಎಂದು ಹೇಳಿ ಹೋದರು.

ಕಂಬಳಿ ಹಾಸುವುದು ಎಂದರೆ ಕುಲದ ಪಂಚಾಯ್ತಿ ಸೇರುವುದು, ಆ ಬೀದಿಯಲ್ಲಿ ವರ್ಷಕ್ಕೊಮ್ಮೆಯೂ ಇಲ್ಲದ ಸಂಗತಿ. ಮಂಟಪದ ನಡುವೆ ಕರಿ ಕಂಬಳಿ ಹಾಸಿ, ಅದರ ಮೇಲೆ ನೀರು ತುಂಬಿದ ಹಿತ್ತಾಳೆ ಚೊಂಬು ಇಟ್ಟು, ನೀರಿಗೆ ಬೇವಿನೆಲೆ ಹಾಕಿ, ಬಾಯಿಗೆ ಮಾವಿನೆಲೆ, ತೆಂಗಿನಕಾಯಿ ಇಡುತ್ತಾರೆ. ಚೊಂಬು ಇಟ್ಟ ಮೇಲೆ ಅದನ್ನು ಹಿರಿಯ ಎತ್ತುವ ತನಕ ಕಂಬಳಿಯ ಸುತ್ತ ಕೂತವರು ಯಾರೂ ಎದ್ದು ಹೋಗುವ ಹಾಗಿಲ್ಲ. ಕಂಬಳಿಯ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಮಾತಾಡು ಎಂದು ಹೇಳಿಸಿಕೊಂಡವನು ಮುಗಿಯಿತು ಎನ್ನುವವರೆಗೆ ಅವನನ್ನು ತಡೆಯುವ ಹಾಗೂ ಇಲ್ಲ. ಹೆಂಗಸರು ಅಲ್ಲಿ ಮಾತಾಡುವುದಿಲ್ಲ. ಅವರ ಪರವಾಗಿ ಗಂಡ, ಅಣ್ಣ, ಯಾರಾದರೂ ಎದ್ದು ತಪ್ಪಾಯಿತು ಎನ್ನುತ್ತಾರೆ. ಅಲ್ಲಿ ಆದ ತೀರ್ಮಾನ ಮೀರಿದರೆ ಆ ಮನೆಯ ಒಳ್ಳೆಯದು ಕೆಟ್ಟದ್ದಕ್ಕೆ ಬೀದಿ ಕಾಲಿಡುವುದಿಲ್ಲ. ಪ್ರೇಮ್‌ಕುಮಾರನ ಗಾಡಿಗೆ ಸರಕು ಹೇರುವವರೆಲ್ಲ ಬೀದಿಯವರೇ.

ಅವನು ಎರಡು ದಿನ ಸರಕಿಗೆ ಓಡಾಡಿದ. ಶನಿವಾರ ಬೆಳಗ್ಗೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದವಳ ಪಕ್ಕ ಕೂತು, ಏನ್ ಮಾಡ್ಲಿ ಹೇಳು ಎಂದ. ಪೊನ್ನಮ್ಮಾಳ್ ಒಳಗಿನಿಂದಲೇ, ಇದರಲ್ಲಿ ಕೇಳೋದು ಏನೈತೆ, ಪಟ್ಟಿ ತೆಗೆದುಬಿಟ್ರೆ ಮುಗೀತು, ಕಾಲನಿಯವರಿಗೆ ಕಿಟಕಿಯಿಂದ ಕೊಡಲಿ ಎಂದಳು. ಪೊನ್ನಮ್ಮಾಳ್ ಹೇಳಿದ್ದು ವ್ಯವಹಾರದ ಮಾತು. ತಮಿಳರಸಿಯೂ ವ್ಯವಹಾರ ಬಲ್ಲವಳೇ. ಪುಸ್ತಕ ಓದುವುದು ಮುಖ್ಯ, ಎಲ್ಲಿ ಕೂತು ಓದಿದರೇನು ಎಂದು ಅರ್ಧ ದಿನ ತನಗೆ ತಾನೇ ಹೇಳಿಕೊಂಡಳು. ಸುಮಾರು ಒಪ್ಪಿಯೂ ಆಗಿತ್ತು.

ಸಾಯಂಕಾಲ ಅಭಿರಾಮಿ ಓದುಮನೆಗೆ ಬಂದಳು. ಸುದ್ದಿ ತೋಟಕ್ಕೂ ಮುಟ್ಟಿತ್ತು. ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು ಹಸಿರು ರಟ್ಟಿನ ಪುಸ್ತಕ ಚಾಚಿದಳು, ಮೊದಲ ದಿನ ಚಾರ್ಜರ್ ಚಾಚಿದ ಹಾಗೆ.

"ನೀವು ಯೋಚನೆ ಮಾಡಬೇಡಿ ಅಕ್ಕಾ. ನಮಗೆ ಇದೆಲ್ಲ ರೂಢಿ. ಕಿಟಕಿಯಲ್ಲಿ ಕೊಟ್ಟರೂ ಓದ್ತೀವಿ."

ನಗುತ್ತಲೇ ಹೇಳಿದಳು. ತಮಿಳರಸಿ ಪುಸ್ತಕ ತೆಗೆದುಕೊಂಡಳು. ಎರಡು ತಿಂಗಳು ಹಾಡಿಗೊಂದು ಪುಟ ಮಾಡಿ ಬೇರೆಯವರ ಕೋಪ ಬರೆದುಕೊಂಡವಳಿಗೆ ಆ ನಗು ನೋಡಿ ತನ್ನದೇ ಒಂದು ಪುಟ ಆಯಿತು. ಮನೆಗೆ ಬಂದು, ತಪ್ಪಾಯಿತು ಅಂತ ಮಾತ್ರ ಹೇಳಬೇಡ, ಬೇರೆ ಏನು ಬೇಕಾದರೂ ಹೇಳು ಎಂದಳು ಗಂಡನಿಗೆ. ಬೇರೆ ಏನು ಹೇಳೋದು ಎಂದು ಅವನು ನಿಜವಾಗಿಯೂ ತಿಳಿಯದೆ ಕೇಳಿದ.

ಭಾನುವಾರ ಹತ್ತು ಗಂಟೆಗೆ ಮಂಟಪ ತುಂಬಿತು. ಗಂಡಸರು ಕಂಬಳಿಯ ಸುತ್ತ, ಹೆಂಗಸರು ಬಾಗಿಲ ಬಳಿ. ಬೀದಿಯ ಹಿರಿಯ ಮಾಯಾಂಡಿ ತಾತ ಚೊಂಬು ಇಟ್ಟರು. ಎಂಬತ್ತಮೂರು ವರ್ಷ, ಕಿವಿ ಚುರುಕು, ಮಾತು ಕಮ್ಮಿ. ತಂಗವೇಲ್ ಎದ್ದು ಹೇಳಿದರು: ಕಟ್ಟಡ ನಮ್ಮದು, ಬೆವರು ನಮ್ಮದು, ಹೆಣದ ಮುಂದೆ ಬಡಿಯೋ ಮೇಳಕ್ಕೆ ಇವಳು ಬಾಗಿಲು ತೆಗೆದಿದ್ದಾಳೆ, ಆ ಹಾಡಿನಂಥವೇ ಪುಸ್ತಕವಂತೆ, ಅದರಲ್ಲಿ ಎಂಥೆಂಥ ಮಾತಿವೆಯೋ, ಪಟ್ಟಿ ತೆಗೆಯಬೇಕು, ಶೆಲ್ಫು ಖಾಲಿ ಮಾಡಬೇಕು, ಬೀಗದ ಕೈ ಸೇಕರನಿಗೆ ಕೊಡಬೇಕು. ಸೇಕರ್ ಅವರ ಮಗ, ಮದುವೆ ಸಾಮಾನು ಬಾಡಿಗೆಗೆ ಕೊಡುವವನು. ಅವನು ನೆಲ ನೋಡುತ್ತ ಕೂತಿದ್ದ.

ಪ್ರೇಮ್‌ಕುಮಾರ್ ಎದ್ದ. ಪಂಚೆ ಸರಿ ಮಾಡಿಕೊಂಡ. ತಪ್ಪಾಯಿತು ಎನ್ನಲಿಲ್ಲ, ಬೇರೇನೂ ಎನ್ನಲಿಲ್ಲ. ಸುಮ್ಮನೆ ನಿಂತ. ಅಷ್ಟು ಹೊತ್ತು ಅಲ್ಲಿ ಯಾರೂ ಸುಮ್ಮನೆ ನಿಂತದ್ದಿಲ್ಲ. ಯಾರೋ ಕೆಮ್ಮಿದರು, ಯಾರೋ ಹೇಳಪ್ಪಾ ಎಂದರು. ತಂಗವೇಲರಿಗೆ ಸಿಟ್ಟು ನೆತ್ತಿಗೇರಿತು. ಅವನನ್ನು ದಾಟಿ ನೇರ ಬಾಗಿಲ ಬಳಿಯ ತಮಿಳರಸಿಯ ಕಡೆ ತಿರುಗಿದರು.

"ಅವನ್ನ ಯಾಕ ನಿಲ್ಲಿಸಿದೀಯಾ? ನೀನೇ ಬಾ. ಆ ಪುಸ್ತಕದಾಗೆ ಇರೋದನ್ನ ಈ ಕಂಬಳಿ ಮುಂದೆ ಓದೋಕೆ ಆಗ್ತದಾ ನಿನ್ ಕೈಲಿ? ಆದ್ರೆ ಓದು ನೋಡೋಣ."

ಅವರು ಕೇಳಿದ್ದು ಬಾಯಿ ಮುಚ್ಚಿಸಲು. ಯಾವ ಸೊಸೆಯೂ ಅಲ್ಲಿಗೆ ಬರುವುದಿಲ್ಲ, ಬಂದರೂ ಬಾಯಿ ಬರುವುದಿಲ್ಲ ಎಂಬ ಧೈರ್ಯ. ಆದರೆ ಚೊಂಬು ಕಂಬಳಿಯ ಮೇಲಿತ್ತು. ಮಾಯಾಂಡಿ ತಾತ ತಲೆಯೆತ್ತಿದರು.

"ಓದು ಅಂದೆಯಲ್ಲ ತಂಗವೇಲು."

"ಅದು ಒಂದು ಮಾತಿಗೆ ಅಂದೆ ಪೆರಿಯಪ್ಪಾ."

"ಮಾತು ಇಲ್ಲಿ ಬಿತ್ತು. ಓದಲಿ."

ತಮಿಳರಸಿ ಓದುಮನೆಗೆ ಹೋಗಿ ನೀಲಿ ರಟ್ಟಿನ ಪುಸ್ತಕ ತಂದಳು. ಹಸಿರು ತರಬಹುದಿತ್ತು, ಅದರಲ್ಲಿ ಯಾರಿಗೂ ನೋಯುವಂಥದ್ದು ಇರಲಿಲ್ಲ. ದಾರಿಯಲ್ಲಿ ಅದನ್ನು ಯೋಚಿಸಿಯೂ ನೀಲಿಯನ್ನೇ ತಂದಳು. ರದ್ದಿಯಲ್ಲಿ ಬಂದಾಗ ಅದಕ್ಕೆ ರಟ್ಟಿರಲಿಲ್ಲ, ಮೊದಲ ಎರಡು ಹಾಳೆ ಇರಲಿಲ್ಲ, ಬರೆದವರು ಯಾರೆಂದು ಇವತ್ತಿಗೂ ಅವಳಿಗೆ ಗೊತ್ತಿಲ್ಲ. ನೂರಹನ್ನೆರಡು ಪುಟ. ಒಂದು ಊರಿನ ಎಲ್ಲ ಸಾವಿಗೂ ಪರೈ ಬಡಿದವನ ಕತೆ. ಅವಳು ಕಂಬಳಿಯ ಅಂಚಿಗೆ ಕೂತು, ಇದು ಐದನೇ ಪುಟದಿಂದ ಶುರುವಾಗ್ತದೆ ಎಂದು ಹೇಳಿ ಶುರು ಮಾಡಿದಳು.

ಮೊದಲ ಪುಟಕ್ಕೆ ಧ್ವನಿ ಸಣ್ಣದಿತ್ತು. ಎರಡನೆಯದಕ್ಕೆ ಸರಿಹೋಯಿತು. ತವರು ಚಿನ್ನಾಳಪಟ್ಟಿಯ ಪಕ್ಕ. ಹುಡುಗಿಯಾಗಿದ್ದಾಗ ನೇಕಾರರ ಮನೆಯಲ್ಲಿ ಮಗ್ಗದ ಸದ್ದಿನ ಮೇಲೆ ಕೇಳಿಸುವಂತೆ ವಾರಪತ್ರಿಕೆಯ ಧಾರಾವಾಹಿ ಓದಿ ಹೇಳುತ್ತಿದ್ದವಳು. ನಾಲ್ಕು ಮಗ್ಗಕ್ಕೆ ಹೋಲಿಸಿದರೆ ಈ ಮಂಟಪದಲ್ಲಿ ಸದ್ದೇ ಇರಲಿಲ್ಲ.

ಮೂರನೇ ಅಧ್ಯಾಯದಲ್ಲಿ ಒಂದು ಬೈಗುಳ ಬರುತ್ತದೆ. ಊರಗೌಂಡ, ಅಂದರೆ ಊರಿನ ಯಜಮಾನ, ಆ ಪರೈಯವನ ತಾಯಿಯನ್ನು ಹಿಡಿದು ಬೈಯುವುದು. ಗಂಡಸರ ನಡುವೆ ಹೆಂಗಸು ಬಾಯಲ್ಲಿ ತರದ ಮಾತು. ತಂಗವೇಲ್ ಅದಕ್ಕೇ ಕಾದವರಂತೆ ಮುಂದಕ್ಕೆ ಬಾಗಿದರು. ಅವಳು ಧ್ವನಿ ತಗ್ಗಿಸದೆ ಅಷ್ಟನ್ನೂ ಓದಿ, ಒಂದು ಉಸಿರು ನಿಲ್ಲಿಸಿ, ಇದನ್ನು ಅಂದವನು ಗೌಂಡ, ಪರೈಯವನಲ್ಲ ಎಂದು ಹೇಳಿ ಮುಂದಿನ ಸಾಲಿಗೆ ಹೋದಳು. ಹಿಂದಿನ ಸಾಲಿನಲ್ಲಿ ಒಬ್ಬರು ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು.

ಹನ್ನೊಂದು ದಾಟಿತು. ಯಾರೂ ಎದ್ದು ಹೋಗುವಂತಿಲ್ಲ. ಅಡುಗೆಮನೆಗಳಲ್ಲಿ ಭಾನುವಾರದ ಕೋಳಿ ಸಾರು ಆರುತ್ತಿತ್ತು. ಸಕ್ಕರೆ ಕಾಯಿಲೆಯವರು ಕಾಲು ಬದಲಿಸಿ ಬದಲಿಸಿ ಕೂತರು. ಒಬ್ಬರು ತಡೆಯಲಾರದೆ, ಇನ್ನೂ ಎಷ್ಟು ಪುಟ ಇದ್ದಾವೆ ಅಂತ ಕೇಳಬಹುದಾ ತಾತಾ ಎಂದರು. ಮಾಯಾಂಡಿ ತಾತ ಬೆರಳೆತ್ತಿ ಸುಮ್ಮನಿರಿಸಿದರು. ಅವರ ಕಣ್ಣು ಪುಸ್ತಕದ ಮೇಲಿತ್ತು.

ಆರನೇ ಅಧ್ಯಾಯಕ್ಕೆ ಕೂಸು ಎದ್ದು ಅತ್ತಿತು. ಪೊನ್ನಮ್ಮಾಳ್ ಬಾಗಿಲಲ್ಲಿ ತೂಗಿದಳು, ತಟ್ಟಿದಳು, ಬೆರಳು ಬಾಯಿಗಿಟ್ಟಳು. ಆಗಲಿಲ್ಲ. ಎಲ್ಲರೂ ತಮಿಳರಸಿಯ ಮುಖ ನೋಡಿದರು. ಈಗ ಮುಗಿಯಿತು ಎನ್ನಲೇಬೇಕು. ಪೊನ್ನಮ್ಮಾಳ್ ಕೂಸನ್ನು ಹೆಗಲಿಗೆ ಹಾಕಿಕೊಂಡಳು. ಆಮೇಲೆ ಸೆರಗು ಬಿಗಿದು, ಗಂಡಸರ ಸಾಲಿನ ನಡುವೆ, ಕಾಲು ತೆಗಿ, ಕಾಲು ತೆಗಿ ಎನ್ನುತ್ತ ದಾರಿ ಮಾಡಿಕೊಂಡು ಬಂದು ಕೂಸನ್ನು ಸೊಸೆಯ ಮಡಿಲಿಗೆ ಹಾಕಿದಳು. ಬಾಗಿಲಿಗೆ ಹಿಂತಿರುಗಲೂ ಇಲ್ಲ. ಅಲ್ಲೇ ಸೊಸೆಗೆ ಮರೆಯಾಗಿ ಕೂತಳು. ತಮಿಳರಸಿ ಸೆರಗಿನೊಳಗೆ ಕೂಸಿಗೆ ಹಾಲು ಕೊಟ್ಟು, ಗಲ್ಲದಿಂದ ಪುಟ ಮಗುಚಿ, ಬಿಟ್ಟ ಸಾಲಿನಿಂದ ಓದಿದಳು. ಗಂಡಸರು ಚೊಂಬು ನೋಡಿದರು, ಸೂರು ನೋಡಿದರು. ಕಿವಿ ಮಾತ್ರ ಮುಚ್ಚಿಕೊಳ್ಳಲು ಬರಲಿಲ್ಲ.

ಅಷ್ಟು ಹೊತ್ತಿಗೆ ಮಂಟಪದ ಕಿಟಕಿಗಳು ಕತ್ತಲಾಗಿದ್ದವು. ಹೊರಗೆ ಕಾಲನಿಯವರು ಬೆಳಕಿಗೆ ಅಡ್ಡವಾಗಿ ನಿಂತಿದ್ದರು. ಅಭಿರಾಮಿ ಕಂಬಿ ಹಿಡಿದಿದ್ದಳು. ಕತೆಯಲ್ಲಿ ಆ ಪರೈಯವನು ಗೌಂಡನ ತಾಯಿಯ ಹೆಣದ ಮುಂದೆ ಬಂದು ನಿಂತಿದ್ದಾನೆ. ಈ ಊರಿನ ನೂರು ಹೆಣಕ್ಕೆ ಬಡಿದೆ, ಒಂದು ಮನೆಯ ಜಗಲಿಯಲ್ಲೂ ಕೂರಲಿಲ್ಲ. ಇವತ್ತು ಕೂತು ನೀರು ಕುಡಿದ ಮೇಲೆಯೇ ಬಡಿಯುವುದು ಎನ್ನುತ್ತಾನೆ. ಹೆಣ ಬಿಸಿಲಲ್ಲಿ. ಯಾರೂ ಕೂರು ಎನ್ನುವುದಿಲ್ಲ. ಅವನೂ ಬಡಿಯುವುದಿಲ್ಲ. ಕೊನೆಗೆ ಸದ್ದಿಲ್ಲದೆ ಹೆಣ ಹೋಗುತ್ತದೆ. ಹೊರಟವರಿಗೆಲ್ಲ ತಮ್ಮ ಹೆಜ್ಜೆ ಸಪ್ಪಳ ಕೇಳಿಸಿತು ಎಂಬಲ್ಲಿಗೆ ಪುಸ್ತಕ ಮುಗಿಯುತ್ತದೆ.

"ಮುಗೀತು" ಎಂದಳು ತಮಿಳರಸಿ. ಎರಡೂವರೆ ಆಗಿತ್ತು. ನಾಲಿಗೆ ಅಂಗುಳಿಗೆ ಅಂಟಿತ್ತು.

ತಂಗವೇಲ್ ಗಂಟಲು ಸರಿಮಾಡಿಕೊಂಡು, ಸರಿ, ತೀರ್ಮಾನ ಹೇಳಿ ಪೆರಿಯಪ್ಪಾ ಎಂದರು.

"ಏನ್ ತೀರ್ಮಾನ? ಓದೋಕೆ ಆಗ್ತದಾ ಅಂತ ನೀನು ಕೇಳ್ದೆ. ಓದಿ ಆಯ್ತಲ್ಲ."

ತಾತ ಎರಡೂ ಕೈಯಲ್ಲಿ ಚೊಂಬು ಎತ್ತಿದರು. ಎತ್ತಿದ ಮೇಲೆ ಕಂಬಳಿ ಬರೀ ಕಂಬಳಿ. ಅರ್ಧ ಜನ ಹಿತ್ತಲ ಕಡೆ ಓಡಿದರು.

ಇದರಿಂದ ಬೀದಿ ಬದಲಾಯಿತು ಎಂದೇನೂ ಅಲ್ಲ. ಸೋಮವಾರ ಬೆಳಗ್ಗೆ ಬಾಗಿಲು ತೆಗೆಯಲು ಹೋದರೆ ಪಟ್ಟಿ ಹರಿದು ಚರಂಡಿಯಲ್ಲಿ ಬಿದ್ದಿತ್ತು. ಕರೆಂಟಿನ ಫ್ಯೂಸು ಯಾರೋ ಕಿತ್ತುಕೊಂಡು ಹೋಗಿದ್ದರು. ಇಬ್ಬರು ರೈತರು ಪ್ರೇಮ್‌ಕುಮಾರನಿಗೆ ಫೋನು ಮಾಡಿ ಈ ವಾರ ಸರಕಿಲ್ಲ ಎಂದರು. ಅವರ ಹೊಲದಲ್ಲಿ ಟೊಮೇಟೊ ಕೆಂಪಗೆ ಕಾಣುತ್ತಿತ್ತು. ಅವನು ಗಾಡಿ ತೊಳೆದು ನಿಲ್ಲಿಸಿ, ಹಂಗಾದ್ರೆ ನಾನು ದಿಂಡುಕ್ಕಲ್ಲಿಗೆ ಪುಸ್ತಕಕ್ಕೇ ಹೋಗ್ತೀನಿ ಎಂದ. ಅದು ತಮಾಷೆಯೋ ಸಿಟ್ಟೋ ಅವಳಿಗೆ ಗೊತ್ತಾಗಲಿಲ್ಲ. ಹೋಗುವಾಗ ಕೂಸಿನ ಕಾಲು ಹಿಡಿದು ಮುದ್ದಾಡಿ ಹೋದ.

ತಮಿಳರಸಿ ಕಿಟಕಿ ಬಾಗಿಲೆಲ್ಲ ಅಗಲ ತೆಗೆದು ಚಾಪೆಯನ್ನು ಬೆಳಕಿಗೆ ಎಳೆದಳು. ಹರಿದ ಪಟ್ಟಿಯನ್ನು ಅಂಟಿಸುವ ಗೋಜಿಗೆ ಹೋಗಲಿಲ್ಲ. ಅಭಿರಾಮಿಯ ಚಿಕ್ಕಪ್ಪ ಪಿಚ್ಚೈ ಅಂಗಡಿಗಳಿಗೆ ಬೋರ್ಡು ಬರೆಯುವವನು. ಅವನನ್ನು ಕರೆಸಿ ಬೀದಿಯ ಕಡೆಯ ಗೋಡೆ ತೋರಿಸಿ, ಇದರ ಮೇಲೆ ಮಳೆಗೆ ಹೋಗದ ಎನಾಮಲ್ ಬಣ್ಣದಲ್ಲಿ ಬರೆಯಬೇಕು ಎಂದಳು. ಪಿಚ್ಚೈ ಗೋಡೆ ನೋಡಿದ, ಬೀದಿ ನೋಡಿದ, ನಾಳೆ ಬರಲಾ ಎಂದ. ಇವತ್ತೇ ಎಂದಳು. ಏಣಿ ಹಿಡಿಯಲು ಅಭಿರಾಮಿ ತೋಟಕ್ಕೆ ರಜೆ ಹಾಕಿ ಬಂದಳು.

ತಲೆಬರಹ ಮುಗಿದು ಹಸಿರು, ಮಣ್ಣು, ಹಳದಿ ಆಗಿ, ನೀಲಿಯ ಸಾಲಿಗೆ ಬರುವಾಗ ತಂಗವೇಲ್ ಬಂದು ಏಣಿಯ ಕೆಳಗೆ ನಿಂತರು. ಪಿಚ್ಚೈಯ ಕುಂಚ ನಿಂತಿತು. ನೀವು ಬರೀರಿ ಅಣ್ಣಾ ಎಂದಳು ತಮಿಳರಸಿ. ಸೊಂಟದ ಮೇಲಿನ ಕೂಸು ಚಿಕ್ಕಜ್ಜನನ್ನು ನೋಡಿ ಕೈ ಚಾಚಿತು. ಅವರು ಅಭ್ಯಾಸಬಲದಿಂದ ಎತ್ತಿಕೊಂಡರು. ಎತ್ತಿಕೊಂಡೇ ಹೇಳಿದರು.

"ಇದಕ್ಕೆ ಸುಣ್ಣ ಹೊಡೆಸ್ತೀನಿ, ಗೊತ್ತಾ."

"ಹೊಡೆಸಿ ಮಾಮಾ. ಸಂಘದ ಗೋಡೆ, ಕಂಬಳಿ ಹಾಸಿ ಕೇಳದೆ ಹೊಡೆಯೋಕಾಗಲ್ಲ. ಹಾಸಿದ ದಿನ ನಾನು ಓದೋಕೆ ಮಣ್ಣು ಬಣ್ಣದ್ದು ತರ್ತೀನಿ."

ಅವರು ಗೋಡೆಯ ಮೇಲಿನ ಎರಡನೇ ಸಾಲನ್ನು ಓದಿದರು, ದಪ್ಪ ನೋಡಿ ಹೆದರಬೇಡಿ. ಕೂಸು ಅವರ ಕನ್ನಡಕ ಕಿತ್ತಿತು. ಕನ್ನಡಕ ಬಿಡಿಸಿಕೊಂಡು ಹಾಕಿಕೊಂಡರು.

"ಅದು ಎಷ್ಟು ಪುಟ?"

"ಏಳುನೂರ ಹನ್ನೆರಡು."

ತಂಗವೇಲ್ ಕೂಸನ್ನು ವಾಪಸು ಕೊಟ್ಟರು. ಪಂಚೆಯ ಅಂಚು ಎತ್ತಿ ಹಿಡಿದು, ಹಿಂದಿರುಗಿ ನೋಡದೆ ಮಂಟಪ ದಾಟಿ ಹೋದರು. ತಮಿಳರಸಿ ಏಣಿಯ ಬುಡಕ್ಕೆ ಬಂದು, ನೀಲಿಯ ಅಕ್ಷರ ಇನ್ನೂ ಒಂದು ಸುತ್ತು ದಪ್ಪ ಬರಲಿ, ರಸ್ತೆಯ ಆ ಕಡೆಯಿಂದಲೂ ಕಾಣಬೇಕು ಎಂದಳು.